ಶಿವಲಿಂಗವ್ವನ ಗೇಣು

ನೀಲಕಂಠಪ್ಪನವರು ಹೊಸ ಖುರ್ಚಿಯಲ್ಲಿ ಕುಳಿತಾಗ ಮೊಣಕಾಲುಗಳು ಹೊಟ್ಟೆಗಿಂತ ಮೇಲೆ ಬಂದವು. ಧೋತರ ಸರಿಪಡಿಸಿಕೊಂಡರು, ಬೆನ್ನು ನೆಟ್ಟಗೆ ಮಾಡಿದರು. ಏನು ಮಾಡಿದರೂ ಹುಬ್ಬಳ್ಳಿಯ ಹತ್ತಿ ಅಡತಿಯ ಸಾವಕಾರರು ಬಚ್ಚಲಲ್ಲಿ ಕುಳಿತಂತೆಯೇ ಕಂಡರು.

"ಇದರಾಗ ಕೂತ್ರ ಬೀಗರು ನನಗ ಎಣ್ಣಿ ಹಚ್ಚಾಕ ಬರ್ತಾರ, ನೋಡು."

ಖುರ್ಚಿ ಮಾಡಿದ ಹೆಂಡತಿ ಶಿವಲಿಂಗವ್ವನಿಗೆ ನಗುವೂ ಬಂತು, ಅಂಜಿಕೆಯೂ ಆಯಿತು.

ಯುದ್ಧದ ದಿನಗಳು; ಮುಂಬಯಿಯಿಂದ ಖುರ್ಚಿ ಬರುವುದು ನಿಂತಿತ್ತು. ಮಗಳ ನಿಶ್ಚಯಕ್ಕೆಂದು ಮುದುಕ ಬಡಿಗ ದಸ್ತಗೀರಸಾಬ ಹಿತ್ತಲಲ್ಲೇ ಕೆಲಸ ಹೂಡಿದ್ದ. ಅವನಿಗೆ ಮಜ್ಜಿಗೆ ಕೊಡಲು ಹೋದ ಶಿವಲಿಂಗವ್ವ, ಕೀಸುಳಿಯ ಬಾಯಿಂದ ತೇಗದ ಸಿಪ್ಪೆ ಸುರುಳಿ ಸುರುಳಿಯಾಗಿ ಏಳುವುದನ್ನು ನೋಡುತ್ತ ನಿಂತುಬಿಟ್ಟಳು. ಐವತ್ತು ದಾಟಿದ ಹೆಂಗಸು. ಒಲೆಯ ಮೇಲಿನ ಬೇಳೆ ಸೀದುಹೋದದ್ದು ತಿಳಿಯಲಿಲ್ಲ. ಮರುದಿನ ಕೀಸುಳಿಯನ್ನೇ ಕೇಳಿ ಇಸಿದುಕೊಂಡಳು. ಕೆಲವೇ ದಿನಗಳಲ್ಲಿ ಮನೆಯ ಮಣೆಗಳೆಲ್ಲ ಎಷ್ಟು ನುಣುಪಾದವೆಂದರೆ, ಊಟಕ್ಕೆ ಕುಳಿತವರು ತುತ್ತಿನ ನಡುವೆ ಜಾರತೊಡಗಿದರು. ಕೊನೆಗೆ ಗಂಡ ಕರಾರು ಹಾಕಿದರು: ಅವಳೊಬ್ಬಳೇ ಒಂದು ಖುರ್ಚಿ ಮಾಡಬೇಕು. ಬೀಗರಲ್ಲಿ ಒಬ್ಬರಾದರೂ ಮೆಚ್ಚಿದರೆ ಉಳಿ, ಕೀಸುಳಿ ಅವಳವು. ಇಲ್ಲವಾದರೆ ಎಲ್ಲವೂ ಸಾಬನ ಚೀಲಕ್ಕೆ.

ಕಾಲಿನ ಎತ್ತರ ಎರಡು ಗೇಣು ಎಂದು ಹೇಳಿ ದಸ್ತಗೀರಸಾಬ ಬೇರೆ ಕೆಲಸಕ್ಕೆ ಹೋಗಿದ್ದ. ಈಗ ಬಂದು ನೋಡಿ ತಲೆ ಕೆರೆದುಕೊಂಡ.

"ಗೇಣು ಯಾರದು ಹಿಡದ್ರಿ ಅವ್ವಾರ?"

"ನಂದು. ಮತ್ತ್ಯಾರದು ಹಿಡೀಲಿ?"

ಸಾಬ ತನ್ನ ಮೊರದಂಥ ಅಂಗೈ ಬಿಡಿಸಿ ನೋಡಿಕೊಂಡ. ನಗಬಾರದೆಂದು ಗಡ್ಡ ಜಗ್ಗಿಕೊಂಡ.

ಸುಳ್ಳ ಎಂಬ ಹಳ್ಳಿಯ ಬೀಗರ ಚಕ್ಕಡಿ ಬರುವ ಹೊತ್ತಿಗೆ ಆ ಖುರ್ಚಿ ಅಡಿಗೆಮನೆಯ ಬಾಗಿಲ ಹಿಂದೆ ಸೇರಿತ್ತು. ಗಂಡಸರು ಪಡಸಾಲೆಯಲ್ಲಿ ಸಾಬನ ಖುರ್ಚಿಗಳ ಮೇಲೆ ಕುಳಿತರು. ಒಳಗೆ ಬಂದ ಬೀಗಿತಿ ಶೇವಂತೆವ್ವ ಗಿಡ್ಡನೆಯ ತುಂಬು ಮೈಯವಳು. ಮೊಣಕಾಲು ಹಿಡಿದುಕೊಂಡು, ನೆಲಕ್ಕೆ ಹಾಸಿದ ಜಮಖಾನೆಯನ್ನು ವೈರಿಯಂತೆ ನೋಡಿದಳು. ಆಮೇಲೆ ಬಾಗಿಲ ಹಿಂದಿನ ಖುರ್ಚಿಯನ್ನು ತಾನೇ ಎಳೆದು ಕುಳಿತಳು. ಕುಳಿತವಳು ಉಪ್ಪಿಟ್ಟಿಗೂ ಏಳಲಿಲ್ಲ. ಸೊಸೆಯಾಗುವವಳಿಗೆ ಕುಂಕುಮ ಹಚ್ಚಿದ್ದೂ ಅಲ್ಲಿಂದಲೇ, ಹುಡುಗಿಯನ್ನು ಬಗ್ಗಿಸಿಕೊಂಡು. ಹೊರಡೋಣವೆಂದು ಪಡಸಾಲೆಯಿಂದ ಮೇಲಿಂದ ಮೇಲೆ ಕರೆ ಬಂದರೂ ಅಲುಗಲಿಲ್ಲ. ಕಡೆಗೆ ನೀಲಕಂಠಪ್ಪನವರೇ ಬಾಗಿಲಿಗೆ ಬಂದರು.

"ಇದನ್ನ ಮಾಡಿದ ಬಡಿಗ್ಯಾ ಯಾರ್ರಿ ಬೀಗರ?" ಎಂದಳು ಶೇವಂತೆವ್ವ. "ನಮ್ಮನ್ಯಾಗ ಖುರ್ಚಿ ಮ್ಯಾಲ ಕೂತ್ರ ನನ್ನ ಕಾಲು ತೊಟ್ಟಿಲಾಗಿನ ಕೂಸಿನಂಗ ಜೋತಾಡ್ತಾವು. ನನಗೂ ಇಂಥಾದೊಂದು ಬೇಕು."

ನೀಲಕಂಠಪ್ಪನವರು ಕೆಮ್ಮಿದರು. ರುಮಾಲು ಮುಟ್ಟಿ ನೋಡಿಕೊಂಡರು.

"ಬಡಿಗ್ಯಾರು... ಮನ್ಯಾಗ ಅದಾರ್ರಿ."

ಶಿವಲಿಂಗವ್ವ ಆಗಲೇ ಕೆಳಗೆ ಕುಳಿತು, ಬೀಗಿತಿಯ ಸೀರೆಯ ಮೇಲಿಂದಲೇ ಹಿಮ್ಮಡಿಯಿಂದ ಮೊಣಕಾಲಿಗೆ ಗೇಣು ಹಾಕುತ್ತಿದ್ದಳು. ಅವಳ ತುರುಬಿನಲ್ಲಿ, ಅಬ್ಬಲಿಗೆ ಹೂವಿನ ಪಕ್ಕ, ತೇಗದ ಸಣ್ಣದೊಂದು ಸುರುಳಿ ಸಿಕ್ಕಿಕೊಂಡಿತ್ತು.