ಬೆಂಕಿ ಹಿಡಿಯುವವರು

ಓಣಿಯ ಹಿರಿಯ ದೊಡ್ಡಬಸಪ್ಪ ಚಟ್ಟದ ಕೊನೆಯ ಹಗ್ಗ ಬಿಗಿದು, ಕೈ ಕೊಡವಿಕೊಂಡು ಎದ್ದ.

"ಹೊರೋಕ ನಾಕು ಮಂದಿ ಅದೀವಿ. ಮುಂದ ಬೆಂಕಿ ಹಿಡಿಯೋರು ಯಾರವ್ವ?"

ಆಶಾರಾಣಿ ಅಪ್ಪ ಕಾಟಪ್ಪನ ತಲೆಯ ಬಳಿ ಕೂತಿದ್ದಳು. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವವಳು. ಮೊದಲ ಬಸ್ಸಿಗೇ ಬಂದಿದ್ದಳು. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಹಾಗೇ ಇತ್ತು. ಕಾಟಪ್ಪನಿಗೆ ಗಂಡುಮಕ್ಕಳಿಲ್ಲ. ಹೆಂಡತಿ ಹೋಗಿ ಆರು ವರ್ಷ. ರಕ್ತಸಂಬಂಧ ಅಂತ ಉಳಿದವನು ತಮ್ಮ ಬೋರಪ್ಪ ಒಬ್ಬನೇ. ಅವನ ಮನೆ ಎರಡು ಓಣಿ ಆಚೆ. ಹನ್ನೊಂದು ವರ್ಷದಿಂದ ಅವನು ಅಣ್ಣನ ಹೊಸಿಲು ತುಳಿದಿರಲಿಲ್ಲ.

"ಚಿಕ್ಕಪ್ಪನ್ನ ನಾನೇ ಕರ್ಕೊಂಡು ಬರ್ತೀನ್ರಿ," ಎಂದಳು.

"ಹೋಗಿ ನೋಡವ್ವ. ಬಂದ್ರ ಛಲೋ."

ಹೊರಡುವ ಮುಂಚೆ ಅವಳು ಫಾರೆಸ್ಟ್ ಆಫೀಸಿಗೆ ಫೋನ್ ಮಾಡಿದಳು.

"ಸಾರ್, ನಾನು ವಾಚರ್ ಕಾಟಪ್ಪನ ಮಗಳು. ಅಪ್ಪ ತೀರಿಕೊಂಡ್ರು. ನಿಮ್ಮೋರು ಒಬ್ರು ಖಾಕಿ ಹಾಕ್ಕೊಂಡು ಬಂದು ನಿಂತ್ರ ಸಾಕ್ರಿ."

"ಅಯ್ಯೋ ಪಾಪಂ," ಎಂದಿತು ಆಚೆಯ ತೆಲುಗು ಬೆರೆತ ದನಿ. "ಆಯನ ಟೆಂಪರರಿ ಕದಮ್ಮಾ, ಕಾಯಂ ನೌಕರ ಅಲ್ಲಲ್ಲ. ಇವತ್ತು ವನ್ಯಜೀವಿ ಸಪ್ತಾಹದ ಮೀಟಿಂಗು, ಎಲ್ಲಾರೂ ಅಲ್ಲೇ ಅದಾರ."

*

ಟೆಂಪರರಿಯಾಗಿಯೇ ಕಾಟಪ್ಪ ಹತ್ತೊಂಬತ್ತು ವರ್ಷ ಜಿಂಕೆ ಕಾದ. ಕಣೇಕಲ್ಲು ಕಡೆಯ ಎರೆಹೊಲಗಳಲ್ಲಿ ಓಡಾಡುವ ಕೃಷ್ಣಮೃಗಗಳಿಗೆ ಕಾಡಿಲ್ಲ, ಬೇಲಿಯಿಲ್ಲ. ಊರವರ ಶೇಂಗಾವೇ ಮೇವು. ಅವನ್ನು ಹೊಡೆಯುವಂತಿಲ್ಲ, ಉರುಳು ಹಾಕುವಂತಿಲ್ಲ. "ಡೆಲ್ಲಿ ಕಾನೂನು ಇದು," ಎಂದು ಕಾಟಪ್ಪ ಎದೆಯುಬ್ಬಿಸಿ ಹೇಳುತ್ತಿದ್ದ, ಡೆಲ್ಲಿಯವರು ತನ್ನನ್ನೇ ಕೂರಿಸಿಕೊಂಡು ಹೇಳಿಹೋದ ಹಾಗೆ. ಡೆಲ್ಲಿಗೆ ಅವನ ಹೆಸರೂ ಗೊತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಹನ್ನೊಂದು ವರ್ಷದ ಹಿಂದೆ ಬೋರಪ್ಪನ ಹೊಲದಲ್ಲಿ ಗಬ್ಬದ ಜಿಂಕೆಯೊಂದು ಉರುಳಿಗೆ ಬಿದ್ದು ಸತ್ತಿತು. ಅವನು ಉರುಳು ಕಟ್ಟುವುದನ್ನು ಕಣ್ಣಾರೆ ಕಂಡವನು ಕಾಟಪ್ಪನೊಬ್ಬನೇ. ಕೋರ್ಟಿನ ಹೊರಗೆ ಬೋರಪ್ಪ ಅಣ್ಣನ ಎರಡೂ ಕೈ ಹಿಡಿದ.

"ಅಣ್ಣಾ, ನಾ ನೋಡಿಲ್ಲ ಅಂತ ಒಂದು ಮಾತು ಹೇಳಿಬಿಡು. ಅಷ್ಟೇ."

ಕಾಟಪ್ಪ ಒಳಗೆ ಹೋಗಿ, ನೋಡಿದ್ದೇನೆ ಎಂದ.

ಬೋರಪ್ಪನಿಗೆ ಮೂರು ವರ್ಷ ಜೈಲಾಯಿತು. ಆಮೇಲೆ ಊರಲ್ಲಿ ಯಾರೂ ಕಾಟಪ್ಪನನ್ನು ಮದುವೆಗೆ ಕರೆಯಲಿಲ್ಲ. ಚಾದಂಗಡಿಯಲ್ಲಿ ಅವನು ಕೂತರೆ ಆ ಬೆಂಚು ಖಾಲಿಯಾಗುತ್ತಿತ್ತು. ಮಗಳು ಫೋನ್ ಮಾಡಿದಾಗ ಎಷ್ಟು ಜಿಂಕೆ ಮರಿ ಹಾಕಿದವು ಎಂದಷ್ಟೇ ಹೇಳುತ್ತಿದ್ದ. ಹೇಳಲು ಬೇರೇನೂ ಇರುತ್ತಿರಲಿಲ್ಲ. ಮಿಷನ್ನಿನ ಸದ್ದಿನಲ್ಲಿ ಅವಳು ಅರ್ಧಕ್ಕೇ ಫೋನ್ ಇಡುತ್ತಿದ್ದಳು.

*

ಬೋರಪ್ಪ ಹೊಲಕ್ಕೆ ಹೊರಟು ಅಂಗಳದಲ್ಲಿ ನಿಂತಿದ್ದ.

"ಚಿಕ್ಕಪ್ಪಾ, ಬೆಂಕಿ ಹಿಡಿಯೋರಿಲ್ಲ. ಬರ್ರಿ."

"ಯಾಕ ಬರ್ಲವ್ವ? ಕೋರ್ಟಿನಾಗ ಅವ ನನ್ನ ಅಣ್ಣ ಆಗಿರ್ಲಿಲ್ಲ, ಸರ್ಕಾರದ ಸಾಕ್ಷಿ ಆಗಿದ್ದ. ಆ ಸರ್ಕಾರನ ಬಂದು ಹಿಡೀಲಿ."

"ಸರ್ಕಾರ ಬರಲ್ಲಂತ್ರಿ. ಈಗ ಕೇಳಿಯೇ ಬಂದೆ."

ಬೋರಪ್ಪ ಅವಳನ್ನು ದಾಟಿ ಹೊಲದ ಕಡೆ ನಡೆದುಬಿಟ್ಟ.

ಆಶಾರಾಣಿ ಮನೆಗೆ ಬಂದವಳೇ ಬೆಂಕಿಯ ಕುಡಿಕೆಗೆ ಕೈಹಾಕಿದಳು.

"ಹೆಣ್ಮಕ್ಳು ಸುಡುಗಾಡಿಗೆ ಬರಬಾರದವ್ವ," ಎಂದ ದೊಡ್ಡಬಸಪ್ಪ.

"ಮತ್ತ ನೀವು ಹಿಡೀತೀರೇನ್ರಿ?"

ಅವನು ಚಟ್ಟದ ಕಡೆ ತಿರುಗಿದ. ನಾಲ್ವರು ಚಟ್ಟಕ್ಕೆ ಹೆಗಲು ಕೊಟ್ಟರು. ಮುಂದೆ ಅವಳು, ಹಿಂದೆ ಯಾರೂ ಇಲ್ಲ.

ದಾರಿ ಬೋರಪ್ಪನ ಹೊಲದ ಬದುವಿಗೆ ಹತ್ತಿಕೊಂಡೇ ಹೋಗುತ್ತಿತ್ತು. ಶೇಂಗಾ ಕೀಳಲು ಬಂದಿತ್ತು. ಜಿಂಕೆಯ ಹಿಂಡೊಂದು ನಡುಹೊಲಕ್ಕೇ ಇಳಿದು ಮೇಯುತ್ತಿತ್ತು. ಬೋರಪ್ಪ ಬದುವಿನ ಮೇಲೆ ಕವಣೆಗೆ ಕಲ್ಲಿಟ್ಟು ನಿಂತಿದ್ದವನು, ಚಟ್ಟ ಬರುವುದನ್ನು ಕಂಡ. ಕವಣೆ ಕೆಳಗಿಳಿಯಿತು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತ. ಒಂದು ಕೂಗು ಹಾಕಿದ್ದರೆ ಹಿಂಡು ಓಡಿಹೋಗುತ್ತಿತ್ತು, ಅವನು ಕೂಗಲಿಲ್ಲ. ಅಣ್ಣ ತಿರುವು ದಾಟುವ ತನಕ ಜಿಂಕೆಗಳು ಅವನ ಬೆಳೆಯನ್ನು ಮೇಯುತ್ತಲೇ ಇದ್ದವು.