ಕೊಸರು

“ಈ ಜೋಳ ಮಳಿಗೆ ಸಿಕ್ಕಾವ, ಸಂಗಣ್ಣ. ಹಳದಿ ಹೊಡದಾವ. ನನಗ ಬ್ಯಾಡ.”

ಅಂಗೈಯ ಕಾಳನ್ನು ಚೀಲಕ್ಕೆ ಸುರುವಿ ಶಿವಯೋಗೆಪ್ಪ ಕೈ ಝಾಡಿಸಿದ. ಬಬಲೇಶ್ವರದಿಂದ ಬಂಡಿ ಹೂಡಿಕೊಂಡು ಬಂದಿದ್ದ ರೈತ ಸಂಗಣ್ಣ ಚೀಲದ ಬಾಯಿ ಅಗಲಿಸಿ ಹಿಡಿದ.

“ಸುಗ್ಗ್ಯಾಗ ಒಂದ ಹನಿ ಬಿದ್ದಿಲ್ಲರಿ ಸಾವಕಾರ್ರ! ಇಪ್ಪತ್ತ ವರ್ಷದಾಗ ನಿಮಗ ಕೆಟ್ಟ ಕಾಳ ಕೊಟ್ಟೇನೇನ್ರಿ?”

ಅದು ಜರ್ಮನಿ ಯುದ್ಧದ ಎರಡನೆಯ ವರ್ಷ. ಬಿಜಾಪುರದ ಕಾಳಿನ ಪೇಟೆಯಲ್ಲಿ ವ್ಯಾಪಾರಿ ಶಿವಯೋಗೆಪ್ಪನ ಕಣ್ಣು ಹೇಳಿದ್ದೇ ವೇದವಾಕ್ಯ. ಅವನು ಬೇಡವೆಂದ ಜೋಳವನ್ನು ಇನ್ನೊಬ್ಬ ಮೂಸಿಯೂ ನೋಡುತ್ತಿರಲಿಲ್ಲ. ಸಂಗಣ್ಣ ಬಂಡಿಯ ನೆರಳಲ್ಲಿ ಕುಳಿತ.

ನಾಲ್ಕು ದಿನದಿಂದ ಶಿವಯೋಗೆಪ್ಪನಿಗೆ ಊಟ ಸೇರುತ್ತಿರಲಿಲ್ಲ, ರೊಟ್ಟಿ ಕಂಡರೆ ಹೊಟ್ಟೆ ತೊಳಸುತ್ತಿತ್ತು. ಕುಳಿತರೆ ಏಳಬೇಕು, ಎದ್ದರೆ ಕೂರಬೇಕು. ಮಧ್ಯಾಹ್ನ ಮನೆಗೆ ಹೋಗಿ ವಿಭೂತಿಗಟ್ಟಿ ಕೈಗೆತ್ತಿಕೊಂಡವನು ಹೆಂಡತಿಯ ಮೇಲೆ ಹರಿಹಾಯ್ದ.

“ಇದಕ್ಕ ಅರಿಷಿಣದ ಭಂಡಾರ ಯಾಕ ಬಳದಿ? ನಾವೇನ ಬೀರಪ್ಪನ ಒಕ್ಕಲೇನ?”

“ಭಂಡಾರ ಎಲ್ಲೈತಿ? ಹಾಲಿನಂಗ ಬೆಳ್ಳಗ ಐತಲ್ಲ!” ರುದ್ರವ್ವ ನಗಹೋಗಿ ತಡೆದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ನೆನಪಾಗಿ ಅವನ ರೆಪ್ಪೆ ಎಳೆದು ನೋಡಿದಳು. ಕಣ್ಣು ಬೆಳ್ಳಗೇ ಇತ್ತು. ಆಗ ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಲಾಡಲೇಸಾಬನ ಟಾಂಗಾ ಕರೆಸಿ ಗಂಡನನ್ನು ಡಾಕ್ಟರ ಬಳಿ ಕರೆದೊಯ್ದಳು.

ಡಾಕ್ಟರು ನಾಡಿ ಹಿಡಿದು ಗಡಿಯಾರ ನೋಡಿದರು. “ಎದಿಗೆ ಕೊಟ್ಟ ಔಷಧ ಎಷ್ಟ ಹನಿ ತಗೋತೀರಿ?”

“ನೀವು ಹೇಳಿದಂಗ ಹತ್ತು. ಮ್ಯಾಲ ಕೊಸರು ನಾಕೈದು.”

“ಕೊಸರು?”

“ಅಳತಿ ಮ್ಯಾಲ ಒಂದ ಹಿಡಿ ಬೀಳಲಿಲ್ಲಂದ್ರ ಬರಕತ್ತ ಇರೂದಿಲ್ಲರಿ.”

ಬೆಲ್ಲ ಕೊಂಡರೂ, ಬದನೆಕಾಯಿ ಕೊಂಡರೂ ಕೊಸರು ಕೇಳುವ ಜೀವ, ಔಷಧಕ್ಕೆ ಬಿಟ್ಟೀತೆ?

“ಇದು ಜೋಳ ಅಲ್ಲರಿ! ಅಳತ್ಯಾಗಿದ್ರ ಎದಿ ಕಾಯತೈತಿ. ಹೆಚ್ಚಾದ್ರ ಊಟ ಬಿಡಸತೈತಿ, ಕಂಡದ್ದೆಲ್ಲಾ ಹಳದಿ ಕಾಣಸತೈತಿ. ನಾಡಿ ನಲವತ್ತಕ್ಕ ಇಳದೈತಿ. ಇವತ್ತಿಂದ ಔಷಧ ಬಂದ್. ಹಾಸಿಗಿ ಬಿಟ್ಟ ಏಳಬ್ಯಾಡ್ರಿ.”

ಶಿವಯೋಗೆಪ್ಪನಿಗೆ ನಾಡಿಗಿಂತ ಸಂಗಣ್ಣನ ಮುಖ ಚುಚ್ಚಿತು. ತನ್ನ ಕಣ್ಣು ಕೆಟ್ಟಿದೆಯೆಂದು ತಿಳಿದರೆ ಪೇಟೆಯಲ್ಲಿ ತನ್ನನ್ನು ಯಾರು ನಂಬುತ್ತಾರೆ? ಹೇಳದಿದ್ದರೆ ಆ ಬಡಪಾಯಿ ಮೋಸಗಾರನೆಂಬ ಹೆಸರು ಹೊತ್ತು ಊರಿಗೆ ಹೋಗಬೇಕು. ರುದ್ರವ್ವ ಎಷ್ಟು ಬೇಡವೆಂದರೂ ಕೇಳದೆ, “ಪ್ಯಾಟಿಗೆ ಹೊಡಿಯೋ” ಎಂದು ಲಾಡಲೇಸಾಬನಿಗೆ ಹೇಳಿದ.

ಸಂಗಣ್ಣ ಎತ್ತು ಹೂಡುತ್ತಿದ್ದ. ಶಿವಯೋಗೆಪ್ಪ ಚೀಲಕ್ಕೆ ಕೈ ಹಾಕಿದ. ಕಾಳು ಈಗಲೂ ಹಳದಿಯೇ. ಕಣ್ಣು ಮುಚ್ಚಿ ಒಂದನ್ನು ಹಲ್ಲಿಗೆ ಕೊಟ್ಟ. ಮಳೆ ಕಂಡಿರದ ಕಾಳು ಕಟಕ್ಕೆಂದು ಒಡೆಯಿತು.

“ಎಲ್ಲಾರೂ ಕೇಳ್ರಿ,” ಎಂದ, ಪೇಟೆಗೆಲ್ಲ ಕೇಳುವಂತೆ. “ಜೋಳ ಬೆಳ್ಳಗ ಅದಾವ. ಹಳದಿ ನನ್ನ ಕಣ್ಣಾಗ ಐತಿ. ಇಷ್ಟೂ ನಾನ ತಗೋತೀನಿ.”

ಸಂಗಣ್ಣ ಎತ್ತು ಬಿಚ್ಚಿ, ಸೇರು ತಂದು ಅಳೆಯತೊಡಗಿದ. ಕೊನೆಯ ಸೇರು ಸುರುವಿ, ರೂಢಿಯಂತೆ ಕೊಸರಿಗೆಂದು ಒಂದು ಹಿಡಿ ಎತ್ತಿದ. ಶಿವಯೋಗೆಪ್ಪ ಆ ಮುಷ್ಟಿಯನ್ನು ಹಿಡಿದು ಸಂಗಣ್ಣನ ಚೀಲದ ಕಡೆಗೇ ತಿರುಗಿಸಿದ. ಬೆರಳ ಸಂದಿಯಿಂದ ಹಳದಿ ಕಾಳು ಒಂದೊಂದೇ ಉದುರಿದವು.