ಜಯಮ್ಮನ ಟೊಮೇಟೊ ಬೀಜ

ತಗಡಿನ ಬಿಸ್ಕತ್ತಿನ ಡಬ್ಬಿಯಿಂದ ಬೀಜದ ಪೊಟ್ಟಣಗಳನ್ನು ತೆಗೆತೆಗೆದು ಹರಿಪ್ರಸಾದ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ಒಂದೆರಡು ಪೊಟ್ಟಣ ಚಿತಾಗಾರದ ಹೊಳೆಯುವ ನೆಲದ ಮೇಲೆ ಬಿದ್ದವು. ಶವಸಂಸ್ಕಾರದ ಕಂಪನಿಯ ಮಿಜುನೊ ಸಾನ್ ಓಡಿಬಂದು ಎತ್ತಿಕೊಟ್ಟು ಸೊಂಟ ಬಗ್ಗಿಸಿದ. ಲೋಹದ ಡಬ್ಬಿಯನ್ನು ಕುಲುಮೆಯೊಳಗೆ ಬಿಡುವಂತಿಲ್ಲ, ಕಾಗದ ರಟ್ಟು ಆದರೆ ಅಡ್ಡಿಯಿಲ್ಲ ಎಂದು ಅವನು ಆಗಲೇ ಕ್ಷಮಿಸಿ ಕ್ಷಮಿಸಿ ಎನ್ನುವ ಹತ್ತಾರು ಸುಮಿಮಾಸೆನ್ ಸೇರಿಸಿ ಹೇಳಿದ್ದ.

ಸತ್ತವರಿಗೆ ಇಷ್ಟವಾದದ್ದನ್ನು ಅವರ ಜೊತೆಗೇ ಸುಡಲು ಕಳಿಸುವುದು ಇಲ್ಲಿ ಜಪಾನಿನವರ ಪದ್ಧತಿ. ಕೊರೊನಾದಲ್ಲಿ ಹೋದವಳಾದ್ದರಿಂದ ಅವನ ಹೆಂಡತಿ ಕೋಕಿಲಾಳ ಶವಪೆಟ್ಟಿಗೆಯನ್ನು ಆಸ್ಪತ್ರೆಯಲ್ಲೇ ಟೇಪು ಸುತ್ತಿ ಮುಚ್ಚಿದ್ದರು. ಏನು ಕೊಟ್ಟರೂ ಮುಚ್ಚಳದ ಮೇಲೆಯೇ ಇಡಬೇಕು. ಏನಿಡೋಣ ಎಂದು ಮಿಜುನೊ ಸಾನ್ ಕೇಳಿದಾಗ ಹರಿಪ್ರಸಾದ ತಲೆ ಕೆರೆದುಕೊಳ್ಳಲಿಲ್ಲ. ಸೀರೆಯಲ್ಲ, ದೇವರ ಫೋಟೋ ಅಲ್ಲ, ಟೊಮೇಟೊ ಬೀಜ ಎಂದುಬಿಟ್ಟ. ಅವರಿರುವ ಗ್ಯೋಟೋಕು ಬಡಾವಣೆಯ ಕನ್ನಡದವರಲ್ಲಿ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು.

ಪಕ್ಕದಲ್ಲಿ ನಿಂತಿದ್ದ ಪದ್ಮಾ ರಟ್ಟಿನ ಪೆಟ್ಟಿಗೆಯ ಕಡೆ ಒಂದು ಹೆಜ್ಜೆ ಸರಿದಳು. ಆ ಪೊಟ್ಟಣಗಳಲ್ಲಿ ಒಂದು ಅವಳ ಅಮ್ಮನ ಬೀಜ. ಊರಲ್ಲೂ ಇಲ್ಲ, ಇನ್ನೆಲ್ಲೂ ಇಲ್ಲ. ಮುಂದಿನ ವಾರ ವಿಮಾನ ಹತ್ತಿ ಮಾಲೂರಿಗೆ ಹೋಗಿ ಅಪ್ಪನ ಕೈಗೆ ಇಡಬೇಕಾದ ಬೀಜ ಅವಳ ಕಣ್ಣೆದುರೇ ಬೆಂಕಿಗೆ ಹೊರಟಿತ್ತು.

ಒಳಗೆ ಬಿಟ್ಟದ್ದು ಮೂವರನ್ನೇ. ಹರಿಪ್ರಸಾದ, ಪದ್ಮಾ, ಕೋಕಿಲಾಳ ಪಕ್ಕದ ಫ್ಲಾಟಿನ ಶ್ರೀರಕ್ಷಾ. ಉಳಿದವರೆಲ್ಲ ಶ್ರೀರಕ್ಷಾಳ ಕೈಯ ಫೋನಿನೊಳಗೆ ಪುಟ್ಟ ಪುಟ್ಟ ಚೌಕಗಳಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಕೋಕಿಲಕ್ಕನ ಕೈಗುಣವೇ ಕೈಗುಣ ಎಂದು ಒಬ್ಬಳು, ಅವರ ಟೊಮೇಟೊ ಎಷ್ಟು ಸಿಹಿ, ಮಗು ಹಾಗೇ ತಿಂದುಬಿಡುತ್ತಿತ್ತು ಎಂದು ಇನ್ನೊಬ್ಬಳು. ಬದುಕಿದ್ದಾಗ ಅದೇ ಕೋಕಿಲಕ್ಕನ ಬೆನ್ನ ಹಿಂದೆ ಮೂಗು ಮುರಿಯುತ್ತಿದ್ದವರು ಇವರೇ. ಸಿಹಿಯಂತೆ ಸಿಹಿ, ಅಮ್ಮನ ಟೊಮೇಟೊ ಹುಳಿಯಲ್ಲವೇ ಎಂದುಕೊಂಡಳು ಪದ್ಮಾ. ಇಲ್ಲಿಯ ಮಣ್ಣಿಗೆ ಹಾಗಾಗಿರಬೇಕು.

*

ಕೋಕಿಲಾ ಮೈಸೂರಿನಿಂದ ಗಂಡನ ಹಿಂದೆ ಬಂದವಳು. ಮಕ್ಕಳಾಗಲಿಲ್ಲ, ಕೆಲಸಕ್ಕೆ ಹೋಗಲಿಲ್ಲ. ಗಂಡ ತೋಜಾಯ್ ಲೈನಿನ ರೈಲು ಹತ್ತಿದ ಮೇಲೆ ಸಂಜೆಯವರೆಗೆ ಗೋಡೆ ನೋಡುವುದೇ ಕೆಲಸವಾಗಿತ್ತು. ನಗರಸಭೆಯವರು ಹೊಳೆ ದಂಡೆಯ ಹತ್ತಿರ ಬಾಡಿಗೆಗೆ ಕೊಡುವ ತೋಟದ ತುಂಡು ಲಾಟರಿಯಲ್ಲಿ ಅವಳ ಹೆಸರಿಗೆ ಬಂದದ್ದೇ ಬಂದದ್ದು, ಹೆಂಗಸು ರಾಣಿಯಾಗಿಬಿಟ್ಟಳು. ಯಾರು ಊರಿಗೆ ಹೋದರೂ ಒಂದು ನಾಟಿ ಟೊಮೇಟೊ ತಳಿ ತಂದುಕೊಡಬೇಕು. ಹಣ್ಣಿನ ತಿರುಳನ್ನು ಗಾಜಿನ ಲೋಟದಲ್ಲಿ ಕೊಳೆಯಲು ಬಿಟ್ಟು, ಮೇಲೆ ಬಿಳಿ ಬೂಸು ಕಟ್ಟಿದ ಮೇಲೆ ತೊಳೆದು, ತಳಕ್ಕಿಳಿದ ಬೀಜವನ್ನಷ್ಟೇ ಒಣಗಿಸಿ ಇಡುವಳು. ಪ್ರತಿಯೊಂದು ತಳಿಗೂ ತನಗೆ ಬೇಕಾದವರ ಹೆಸರು. ಸಂಜನಾ ಹೇಳದೆ ಕೇಳದೆ ಕೋಬೆಗೆ ಮನೆ ಬದಲಿಸಿದಳೆಂದು ‘ಸಂಜನಾ’ ಟೊಮೇಟೊ ರಾತ್ರೋರಾತ್ರಿ ‘ಕಿರಣ’ ಆಯಿತು. ಏಪ್ರಿಲ್ ಕೊನೆಗೆ ಎಲ್ಲರಿಗೂ ಸಸಿ ಹಂಚುವಳು, ಬೀಜ ಮಾತ್ರ ಒಬ್ಬರಿಗೂ ಕೊಡಳು. ಬೀಜ ಕೊಟ್ಟರೆ ಮುಂದಿನ ವರ್ಷ ಯಾರು ಬಾಗಿಲು ತಟ್ಟುತ್ತಾರೆ?

ಕೊರೊನಾ ಬಂದು ಬಾಗಿಲು ಹಾಕುವ ಸ್ವಲ್ಪ ಮುಂಚೆ ಪದ್ಮಾ ಮಾಲೂರಿನಿಂದ ಬಟ್ಟೆಯ ಗಂಟಿನಲ್ಲಿ ಬೀಜ ತಂದಿದ್ದಳು. ಅವಳ ಅಮ್ಮ ಜಯಮ್ಮ ಬೂದಿಯಲ್ಲಿ ಹೊರಳಿಸಿ ವರ್ಷವರ್ಷವೂ ಉಳಿಸಿಕೊಂಡು ಬಂದ ಬೀಜ. ಹಣ್ಣು ಮಡಿಕೆ ಮಡಿಕೆಯಾಗಿ, ಸಿಪ್ಪೆ ತೆಳ್ಳಗೆ, ಒಂದು ಹಣ್ಣು ಕಿವುಚಿದರೆ ಹುಣಸೆಯೇ ಬೇಡ ಅನ್ನುವಂಥ ಹುಳಿ. ಪದ್ಮಾಳ ಬಾಲ್ಕನಿಗೆ ಬಿಸಿಲೇ ಬೀಳುತ್ತಿರಲಿಲ್ಲ.

ಅಷ್ಟನ್ನೂ ನನಗೇ ಕೊಡು, ಫ್ಲಾಟಿನಲ್ಲಿಟ್ಟರೆ ಬೂಸು ಹಿಡಿಯುತ್ತದೆ, ನೂರರಷ್ಟು ಮಾಡಿ ವಾಪಸು ಕೊಡುತ್ತೇನೆ ಎಂದಳು ಕೋಕಿಲಾ. ಪದ್ಮಾ ಗಂಟು ಸಮೇತ ಕೊಟ್ಟಳು. ಅಮ್ಮನ ಹತ್ತಿರ ಇನ್ನೂ ಇತ್ತಲ್ಲ ಎಂಬ ಧೈರ್ಯ.

ಆ ವರ್ಷದ ಸೆಪ್ಟೆಂಬರಿನಲ್ಲಿ ಗುಂಪಿನ ವಾಟ್ಸಾಪಿನಲ್ಲಿ ಫೋಟೋ ಬಂತು. ಮಡಿಕೆ ಮಡಿಕೆ ಕೆಂಪು ಹಣ್ಣು, ಕೆಳಗೆ ಹೆಸರು ‘ಕೋಕಿಲಾ’. ಪದ್ಮಾಗೆ ಮೈಯೆಲ್ಲ ಉರಿಯಿತು. ಫೋನು ಮಾಡಿ, ಅಮ್ಮನ ಹೆಸರಿಡಬೇಕಿತ್ತು, ಹೋಗಲಿ, ನನ್ನ ಬೀಜ ನನಗೆ ಕೊಡು ಎಂದಳು.

"ನಿಂದು ನಂದು ಅಂತ ಏನಿದೆ ಪದ್ಮಾ, ಬೀಜಕ್ಕೇನು ವೀಸಾ ಇರತ್ತಾ?" ಎಂದು ಕೋಕಿಲಾ ನಕ್ಕು ಫೋನಿಟ್ಟಳು.

ಪದ್ಮಾ ಸುಮ್ಮನಿರಲಿಲ್ಲ. ಅದು ಕದ್ದ ಬೀಜ ಎಂದು ನಾಲ್ಕು ಜನರೆದುರು ಹೇಳಿದಳು. ಮಾರನೆಯ ದಿನವೇ ಅವಳನ್ನು ಗುಂಪಿನಿಂದ ತೆಗೆದುಹಾಕಿದರು. ಆಮೇಲೆ ಮಾತಿಲ್ಲ ಕತೆಯಿಲ್ಲ.

ಮರುವರ್ಷದ ಮೇ ತಿಂಗಳಲ್ಲಿ ಜಯಮ್ಮ ಕೊರೊನಾದಲ್ಲೇ ಹೋದಳು. ವಿಮಾನವಿಲ್ಲದೆ ಪದ್ಮಾ ಅಮ್ಮನ ಮುಖವನ್ನೂ ನೋಡಲಿಲ್ಲ. ಸೋಂಕಿನ ಭಯಕ್ಕೆ ಅತ್ತಿಗೆ ಜಯಮ್ಮನ ಹಾಸಿಗೆ, ಸೀರೆ, ಗೋಡೆಗೆ ನೇತುಹಾಕಿದ್ದ ಗಂಟು ಮೂಟೆ ಎಲ್ಲವನ್ನೂ ಹಿತ್ತಲಲ್ಲಿ ರಾಶಿ ಹಾಕಿ ಸುಟ್ಟಳು. ಬೀಜದ ಬಟ್ಟೆಯೂ ಅದರಲ್ಲೇ ಹೋಯಿತು. ಅಪ್ಪನಿಗೆ ಅದು ತಿಳಿದದ್ದು ಬಿತ್ತುವ ಕಾಲ ಬಂದಾಗ. ಪದ್ಮನ ಹತ್ತಿರ ಜಪಾನಲ್ಲಿದೆಯಲ್ಲ ಎಂದು ಅವನು ಸಮಾಧಾನ ಮಾಡಿಕೊಂಡ. ಇಲ್ಲ ಎನ್ನಲಾಗದೆ ಪದ್ಮಾ, ಪರಿಚಯದವರ ಮನೆಯಲ್ಲಿದೆ, ಇಸಕೊಂಡು ತರುತ್ತೇನೆ ಎಂದಳು. ಸ್ವಾಭಿಮಾನ ಬಿಟ್ಟು ಕೋಕಿಲಾಳ ಮನೆಗೆ ಹೋಗಿ ಕೇಳಲು ಅವಳಿಗೆ ತಿಂಗಳುಗಟ್ಟಲೆ ಮನಸ್ಸು ಬರಲಿಲ್ಲ. ಕೊನೆಗೆ ಮನಸ್ಸು ಬರುವಷ್ಟರಲ್ಲಿ ಕೋಕಿಲಾ ಆಸ್ಪತ್ರೆ ಸೇರಿದ್ದಳು. ಉಳಿದವರು ಸೋಂಕಿಗೆ ಹೆದರಿ ಹಿಂದೆ ಸರಿದಾಗ, ಹೇಗಾದರೂ ಬೀಜ ಕೇಳಬಹುದೆಂದು ಪದ್ಮಾ ತಾನೇ ಚಿತಾಗಾರಕ್ಕೆ ಬಂದಿದ್ದಳು.

*

ರಟ್ಟಿನ ಪೆಟ್ಟಿಗೆ ತುಂಬಿತು. ಹರಿಪ್ರಸಾದ ಮುಚ್ಚಳ ಹಾಕಿದ.

ಪದ್ಮಾಳ ತಲೆಯಲ್ಲಿ ಒಂದೇ ಸಮನೆ ಜಗ್ಗಾಟ. ಹೆಂಡತಿ ಸತ್ತು ಎರಡು ದಿನವೂ ಆಗದವನ ಎದುರು ಬಾಯಿ ಬಿಡುವುದು ಮನುಷ್ಯರು ಮಾಡುವ ಕೆಲಸವೇ? ಬಿಡದಿದ್ದರೆ ಅಪ್ಪನಿಗೆ ಏನು ಹೇಳುವುದು? ಮಿಜುನೊ ಸಾನ್ ಪೆಟ್ಟಿಗೆಗೆ ಎರಡೂ ಕೈ ಚಾಚಿದ.

"ಹರಿಪ್ರಸಾದ್ ಅವ್ರೇ, ಒಂದ್ನಿಮಿಷ. ಅದ್ರಲ್ಲಿ ಕೋಕಿಲಾ ಅಂತ ಹೆಸರಿರೋ ಪೊಟ್ಟಣ ಇದ್ಯಲ್ಲ, ಅದು ನಮ್ಮಮ್ಮಂದು. ಅದೊಂದು ನಂಗೆ ಕೊಟ್ಬಿಡಿ."

ಫೋನಿನೊಳಗಿನ ಮೂಗೊರೆಸಾಟ ನಿಂತಿತು. ಇದು ಅದಕ್ಕೆಲ್ಲ ಟೈಮಾ ಪದ್ಮಾ ಎಂದು ಯಾವುದೋ ಚೌಕದಿಂದ ಒಂದು ದನಿ ಗದರಿತು. ಶ್ರೀರಕ್ಷಾ ಗಡಿಬಿಡಿಯಲ್ಲಿ ಫೋನಿನ ಸೌಂಡ್ ಆಫ್ ಮಾಡಿದಳು. ಚೌಕಗಳೊಳಗಿನವರ ಕಿವಿಗಳು ಮಾತ್ರ ತೆರೆದೇ ಇದ್ದವು.

ಪದ್ಮಾಗೆ ಈಗ ಹಿಂದೆ ಸರಿಯುವ ದಾರಿ ಇರಲಿಲ್ಲ. ಅಮ್ಮ ಹೋದದ್ದು, ಅತ್ತಿಗೆ ಸುಟ್ಟದ್ದು, ಅಪ್ಪ ಕಾಯುತ್ತಿರುವುದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹೇಳುತ್ತ ಹೇಳುತ್ತ ಎರಡು ವರ್ಷದ ಸಿಟ್ಟು ಮೇಲೆ ಬಂತು.

"ನನ್ನ ಕೈಯಿಂದ ಇಸ್ಕೊಂಡು ತನ್ನ ಹೆಸರು ಇಟ್ಕೊಂಡ್ಲು. ಸತ್ತೋರ್ ಬಗ್ಗೆ ಆಡ್ಬಾರ್ದು, ಆದ್ರೂ ಹೇಳ್ತೀನಿ, ಅದು ಕಳ್ಳತನವೇ."

ಹರಿಪ್ರಸಾದ ಅವಳ ಕಡೆ ತಿರುಗಿದ. ಅವನ ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಪದ್ಮಾಗೆ ಎಷ್ಟೋ ಸುಲಭವಾಗುತ್ತಿತ್ತು.

"ನಿಮ್ಮಮ್ಮನ ಬೀಜ ಈ ಭೂಮಿ ಮೇಲಿಲ್ಲ ಪದ್ಮಾ ಅವ್ರೇ. ಇದ್ದ ಬೀಜ ಅಷ್ಟೂ ಬಿತ್ತಿಬಿಟ್ಟಿದ್ಲು, ಮೊದಲ್ನೇ ವರ್ಷ ಜೂನ್ ಮಳೆಗೇ ಎಲೆಯೆಲ್ಲ ಕಪ್ಪಾಗಿ ಎಲ್ಲಾ ಗಿಡಾನೂ ಕೊಳ್ತು ಹೋಯ್ತು. ಒಂದು ಕಾಯೂ ಹಣ್ಣಾಗ್ಲಿಲ್ಲ. ಇದು ಹೋಮ್ ಸೆಂಟರಿಂದ ತಂದ ಗಿಡದ್ದು. ನೋಡೋಕೆ ಒಂದೇ ಥರ ಇತ್ತು, ಅಷ್ಟೇ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಧೈರ್ಯ ಬರ್ಲಿಲ್ಲ. ಅಂಗಡಿ ಗಿಡಕ್ಕೆ ನಿಮ್ಮಮ್ಮನ ಹೆಸರಿಡೋಕೂ ಮನಸ್ಸು ಒಪ್ಲಿಲ್ಲ, ತನ್ನ ಹೆಸರೇ ಇಟ್ಬಿಟ್ಲು. ನೀವು ಕಳ್ಳಿ ಅಂದಿದ್ದು ಗೊತ್ತಾದ ದಿನ ಅವ್ಳು ಊಟ ಮಾಡ್ಲಿಲ್ಲ. ಹೋಗಿ ನಿಜ ಹೇಳ್ಬಿಡು ಅಂದೆ. ಕಳೆದ್ಲು ಅಂತ ಗೊತ್ತಾಗೋದಕ್ಕಿಂತ ಕದ್ಲು ಅಂದ್ಕೊಂಡೇ ಇರ್ಲಿ, ಎಲ್ಲೋ ಇದೆ ಅನ್ನೋ ಸಮಾಧಾನ ಆದ್ರೂ ಇರತ್ತೆ ಅಂದ್ಲು."

ಅವನು ಮುಚ್ಚಳ ತೆರೆದು, ಹುಡುಕಿ, ಪೊಟ್ಟಣವನ್ನು ಅವಳ ಕೈಯಲ್ಲಿಟ್ಟ. ಬೇಕಾದರೆ ಇಟ್ಟುಕೊಳ್ಳಿ ಎಂದ. ಆಮೇಲೆ ಮಿಜುನೊ ಸಾನ್ ಕಡೆ ತಲೆಯಾಡಿಸಿದ. ಶವಪೆಟ್ಟಿಗೆಯ ಮೇಲೆ ರಟ್ಟಿನ ಪೆಟ್ಟಿಗೆ ಇಟ್ಟು ಒಳಗೆ ತಳ್ಳಿದರು. ಉಕ್ಕಿನ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಎಲ್ಲರೂ ಕೈ ಮುಗಿದರು, ಪದ್ಮಾ ಪೊಟ್ಟಣ ಹಿಡಿದೇ ಮುಗಿದಳು. ಅವಳಿಗೆ ಅಳು ಬರಲಿಲ್ಲ. ಕೋಕಿಲಾಳ ಮೇಲೆ ಕೆಟ್ಟ ಸಿಟ್ಟು ಬಂತು. ಬೀಜ ಹೋಯಿತು, ಇಷ್ಟು ದಿನ ಜೋಪಾನ ಮಾಡಿದ ದ್ವೇಷವೂ ಹೋಯಿತು, ಇನ್ನು ಯಾರನ್ನು ಬಯ್ಯುವುದು?

*

ಸುಟ್ಟುಳಿದ ಮೂಳೆ ಆರಿಸಲು ಕರೆಯುವವರೆಗೆ ಕಾಯುವ ಕೋಣೆಯಲ್ಲಿ ಕೂರಬೇಕು. ಹರಿಪ್ರಸಾದ ದೂರದ ಕಿಟಕಿಯ ಬಳಿ ನಿಂತಿದ್ದ. ಶ್ರೀರಕ್ಷಾ ಹಸಿರು ಚಹಾದ ಬಾಟಲಿ ತಂದುಕೊಟ್ಟು ಪಕ್ಕದಲ್ಲಿ ಕೂತಳು. ಅಷ್ಟರಲ್ಲಿ ಪದ್ಮಾಳ ಫೋನು ಅಲುಗಿತು. ಮಾಲೂರಿನಿಂದ ಅಪ್ಪ. ಕಿವಿ ಮಂದವಾದ್ದರಿಂದ ಅವನು ಯಾವಾಗಲೂ ಕೂಗಿಯೇ ಮಾತಾಡುತ್ತಿದ್ದ. ಹಿತ್ತಲಲ್ಲಿ ಜಯಮ್ಮನ ಜಾಗದಲ್ಲೇ ಮಣ್ಣು ಸಡಿಲ ಮಾಡಿಸಿ ಗೊಬ್ಬರ ಹಾಕಿಸಿದ್ದಾನಂತೆ, ವರ್ಷದ ತಿಥಿಯ ದಿನವೇ ಬಿತ್ತುವುದಂತೆ. ಒಂದು ವರ್ಷದ ಮೇಲೆ ಅವನ ದನಿಯಲ್ಲಿ ಗೆಲುವಿತ್ತು.

"ಬೀಜ ಸಿಕ್ತೇನಮ್ಮಾ?"

ಪದ್ಮಾ ಕೈಯಲ್ಲಿದ್ದುದನ್ನು ನೋಡಿದಳು.

"ಸಿಕ್ತಪ್ಪ."

"ನಿಮ್ಮಮ್ಮಂದೇ ತಾನೆ? ಅವಳ್ದೇನಾ?"

"ಹೂಂ. ಅವಳ್ದೇ."

ಶ್ರೀರಕ್ಷಾ ತಲೆಯೆತ್ತಿ ಒಮ್ಮೆ ನೋಡಿ, ತಟ್ಟನೆ ನೆಲ ನೋಡತೊಡಗಿದಳು. ಪದ್ಮಾ ಫೋನಿಟ್ಟು ಪೆನ್ನು ಇದೆಯಾ ಎಂದು ಕೇಳಿದಳು. ಶ್ರೀರಕ್ಷಾ ಚೀಲ ತಡಕಾಡಿ ಒಂದನ್ನು ಕೊಟ್ಟಳು. ಪದ್ಮಾ ಹಳೆಯ ಹೆಸರಿನ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತು ಹಾಕಿ, ಆ ಜಾಗದಲ್ಲಿ ದುಂಡಗೆ ಜಯಮ್ಮ ಎಂದು ಬರೆದಳು. ಅಷ್ಟರಲ್ಲಿ ಮಿಜುನೊ ಸಾನ್ ಬಾಗಿಲಲ್ಲಿ ನಿಂತು ಬಗ್ಗಿ, ಬರಬಹುದು ಎಂದ. ಹರಿಪ್ರಸಾದ ಕಿಟಕಿ ಬಿಟ್ಟು ಹೊರಟ, ಶ್ರೀರಕ್ಷಾಳೂ ಹೊರಟಳು. ಪದ್ಮಾ ಒಂದು ನಿಮಿಷ ಎಂದು ಬೆರಳೆತ್ತಿ, ಮಾಸ್ಕನ್ನು ಗದ್ದಕ್ಕೆ ಇಳಿಸಿ, ಮಸಿ ಒಣಗಲೆಂದು ಅಮ್ಮನ ಹೆಸರಿನ ಮೇಲೆ ಮೆಲ್ಲಗೆ ಊದತೊಡಗಿದಳು.